ಹಿಂದಕ್ಕೂ ಮುಂದಕ್ಕೂ ಓಡುವ ಪ್ರೊಲಾಗ್

ಪ್ರೊಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಾ ಅಂತ ಯಾರನ್ನಾದರೂ ಕೇಳಿ. ಹತ್ತರಲ್ಲಿ ಒಂಬತ್ತು ಜನ ಹೇಳುವುದು ಒಂದೇ ಮಾತು: "ಕಾಲೇಜಲ್ಲಿ ಎಐ ಪೇಪರ್‌ಗೆ ಇತ್ತು, ಲ್ಯಾಬಲ್ಲಿ ಅಪ್ಪ-ತಾತ ಪ್ರೋಗ್ರಾಂ ಬರೆದಿದ್ವಿ." ಅಪ್ಪನ ಅಪ್ಪ ತಾತ ಎಂದು ಮೂರು ಸಾಲು ಬರೆದು, ವೈವಾ ಮುಗಿಸಿ, ಆಮೇಲೆ ಜಾವಾ, ಪೈಥಾನ್ ಅಂತ ಹೊಟ್ಟೆಪಾಡಿನ ಕಡೆ ಹೊರಟವರೇ ಎಲ್ಲ. ನಾನೂ ಅದೇ ಗುಂಪಿನವನು. ಆಫೀಸಿನಲ್ಲಿ ಇವತ್ತಿಗೂ ಬರೆಯುವುದು ಜಾವಾನೇ. ಆದರೆ ರಾತ್ರಿ ಊಟ ಆದಮೇಲೆ ನನಗೆಂದೇ ಏನಾದರೂ ಬರೆದುಕೊಳ್ಳುವುದಿದ್ದರೆ ಕೈ ತಾನಾಗಿ ಪ್ರೊಲಾಗ್ ಕಡೆ ಹೋಗುತ್ತದೆ.

ನಮ್ಮ ಸಿಲಬಸ್ಸು ಪ್ರೊಲಾಗನ್ನು ತಾತನ ಹತ್ತಿರವೇ ನಿಲ್ಲಿಸಿಬಿಡುತ್ತದೆ. ಭಾಷೆಯ ನಿಜವಾದ ಮಜಾ ಶುರುವಾಗುವುದು ಅಲ್ಲಿಂದ ಆಚೆಗೆ. ಈ ಎರಡು ಸಾಲು ನೋಡಿ:

ಜೋಡಿಸು([], _ಎ, _ಎ).
ಜೋಡಿಸು([_ತ|_ಬಾ], _ಎ, [_ತ|_ಫ]) :- ಜೋಡಿಸು(_ಬಾ, _ಎ, _ಫ).

ಇದು ನಿಜವಾದ, ಓಡುವ ಕೋಡ್. ಪ್ರೊಲಾಗ್ ಓಡಿಸುವ ಎಸ್‌ಡಬ್ಲ್ಯುಐ-ಪ್ರೊಲಾಗ್ ಎಂಬ ತಂತ್ರಾಂಶದಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಕೊಡಬಹುದು. ಒಂದೇ ಒಂದು ತೊಡಕು: ಪ್ರೊಲಾಗ್‌ನಲ್ಲಿ ವೇರಿಯಬಲ್ ಹೆಸರು ದೊಡ್ಡಕ್ಷರದಿಂದ ಇಲ್ಲವೇ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು, ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಅದಕ್ಕೇ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿಕೊಳ್ಳುತ್ತೇನೆ. ಮೊದಲ ಸಾಲು ಹೇಳುವುದು ಇಷ್ಟು: ಖಾಲಿ ಪಟ್ಟಿಗೆ ಯಾವ ಪಟ್ಟಿಯನ್ನು ಜೋಡಿಸಿದರೂ ಬರುವುದು ಅದೇ ಪಟ್ಟಿ. ಎರಡನೆಯದು: ತಲೆ, ಅಂದರೆ ಪಟ್ಟಿಯ ಮೊದಲ ಅಂಶ, ಹಾಗೇ ಇರಲಿ, ಬಾಲಕ್ಕೆ, ಅಂದರೆ ಉಳಿದದ್ದಕ್ಕೆ, ಜೋಡಿಸು.

ಜಾವಾದಲ್ಲಿ ಇದು ಎರಡು ಪಟ್ಟಿ ತೆಗೆದುಕೊಂಡು ಒಂದನ್ನು ಹಿಂತಿರುಗಿಸುವ ಮೆಥಡ್ ಆಗುತ್ತಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಕೊಡುವುದು ಯಾವುದು, ಬರುವುದು ಯಾವುದು ಎಂದು ಎಲ್ಲೂ ಬರೆದಿಲ್ಲ. ಹಾಗಾಗಿ ಉಲ್ಟಾನೂ ಕೇಳಬಹುದು:

?- ಜೋಡಿಸು(_ಅ, _ಬ, [ಮೈ, ಸೂ, ರು]).

ಯಾವ ಎರಡನ್ನು ಜೋಡಿಸಿದರೆ ಈ ಪಟ್ಟಿ ಬರುತ್ತದೆ ಎಂಬುದು ಪ್ರಶ್ನೆ. ಒಂದಾದ ಮೇಲೊಂದು ನಾಲ್ಕು ಉತ್ತರ ಬರುತ್ತವೆ. ಪಟ್ಟಿಯ ಕೊನೆಯ ಅಂಶ ಬೇಕೆಂದರೂ ಇದನ್ನೇ ಕೇಳಬಹುದು, ಒಂದು ಪಟ್ಟಿ ಇನ್ನೊಂದರ ಆರಂಭದಲ್ಲಿದೆಯೇ ಎಂದು ನೋಡಬೇಕೆಂದರೂ ಇದನ್ನೇ. ಪ್ರೊಲಾಗ್‌ನಲ್ಲಿ ಮುಂದುವರಿದ ತಂತ್ರಗಳು ಎಂದು ಏನೇನು ಕರೆಯುತ್ತಾರೋ, ನನ್ನ ಮಟ್ಟಿಗೆ ಅವೆಲ್ಲದರ ಉದ್ದೇಶ ಒಂದೇ: ಪ್ರೋಗ್ರಾಂ ದೊಡ್ಡದಾದ ಮೇಲೂ ಈ ಗುಣ ಕೆಡದಂತೆ ಕಾಪಾಡುವುದು. ಅದು ಎಷ್ಟು ಬೇಗ ಕೆಡುತ್ತದೆ ಎಂಬುದು ಬರೆಯಲು ಕೂತಾಗಲೇ ಗೊತ್ತಾಗುವುದು.

ಈ ಭಾಷೆ ಹುಟ್ಟಿದ್ದೇ ಮನುಷ್ಯರ ಮಾತನ್ನು ಬಿಡಿಸುವುದಕ್ಕೆ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಫ್ರಾನ್ಸಿನ ಮಾರ್ಸೇಯಲ್ಲಿ ಅಲನ್ ಕೋಲ್ಮೆರೋಯರ್ ಮತ್ತು ಫಿಲಿಪ್ ರೂಸೆಲ್ 1972ರಲ್ಲಿ ಇದನ್ನು ಕಟ್ಟಿದಾಗ ಅವರಿಗೆ ಬೇಕಿದ್ದದ್ದು ಕಂಪ್ಯೂಟರಿನ ಜೊತೆ ಫ್ರೆಂಚಿನಲ್ಲಿ ಮಾತಾಡುವುದು. ಅದಕ್ಕೂ ಮೊದಲು ಕೋಲ್ಮೆರೋಯರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಯಂತ್ರಾನುವಾದದ ಕೆಲಸ ಮಾಡಿದ್ದವರು. ಎಡಿನ್‌ಬರೋದಲ್ಲಿದ್ದ ರಾಬರ್ಟ್ ಕೊವಾಲ್ಸ್ಕಿ ತರ್ಕದ ವಾಕ್ಯವನ್ನು ಪ್ರೋಗ್ರಾಂ ಹಾಗೆಯೂ ಓದಬಹುದು ಎಂದು ತೋರಿಸಿದರು. 1979ರಲ್ಲಿ ಅವರು ಮುಂದಿಟ್ಟ ಸೂತ್ರ ಇವತ್ತಿಗೂ ಪ್ರೊಲಾಗಿಗರ ಬಾಯಲ್ಲಿದೆ: ಆಲ್ಗರಿದಮ್ ಎಂದರೆ ತರ್ಕ ಮತ್ತು ನಿಯಂತ್ರಣ ಸೇರಿದ್ದು. ಏನು ಸತ್ಯ ಎಂಬುದು ಒಂದು, ಅದನ್ನು ಯಾವ ದಾರಿಯಲ್ಲಿ ಹುಡುಕಬೇಕು ಎಂಬುದು ಇನ್ನೊಂದು. ಮೇಲಿನ ಎರಡು ಸಾಲಿನಲ್ಲಿ ಇರುವುದು ತರ್ಕ ಮಾತ್ರ. ನಿಯಂತ್ರಣದ ಪ್ರಶ್ನೆ ಏಳುವುದು ಸ್ವಲ್ಪ ದೊಡ್ಡ ಕೆಲಸಕ್ಕೆ ಕೈ ಹಾಕಿದಾಗ.

ಭಾಷೆಗೆಂದೇ ಹುಟ್ಟಿದ್ದಾದರೆ ನಮ್ಮ ಸಂಧಿಯನ್ನೇ ಕೊಟ್ಟು ನೋಡೋಣ ಅನ್ನಿಸಿತು. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ಏಳನೇ ಕ್ಲಾಸಿನ ಲೋಪಸಂಧಿ. ಸೇರಿಸುವುದು ಯಾವ ಭಾಷೆಯಲ್ಲಾದರೂ ಆದೀತು. "ಊರಲ್ಲಿ" ಕೊಟ್ಟರೆ ಬಿಡಿಸಿ ಹೇಳಬೇಕು, ಅದೂ ಅದೇ ಕೋಡಿನಿಂದಲೇ ಆಗಬೇಕು. ಸೇರಿಸಲು ಒಂದು, ಬಿಡಿಸಲು ಇನ್ನೊಂದು ಎಂದು ಎರಡು ಪ್ರೋಗ್ರಾಂ ಇಟ್ಟುಕೊಂಡರೆ ನಾಳೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಗ್ಯಾರಂಟಿ.

ಮೊದಲ ತಡೆ ಲಿಪಿಯದ್ದು. ಯೂನಿಕೋಡಿನಲ್ಲಿ "ಊರು" ಎಂದರೆ ಊ, ರ, ಉಕಾರದ ಕೊಂಬು, ಹೀಗೆ ಮೂರು. "ಊರಲ್ಲಿ"ಯಲ್ಲಿ ರಕಾರ ಆದಮೇಲೆ ನೇರ ಲಕಾರ. ನಾವು ಸೇರಿಸಿದ "ಅಲ್ಲಿ"ಯ ಅಕಾರ ಬರಹದಲ್ಲಿ ಎಲ್ಲೂ ಇಲ್ಲ, ರಕಾರದ ಒಳಗೇ ಕೂತಿದೆ. ಬರೆದ ಅಕ್ಷರಗಳ ಮೇಲೆ ಸಂಧಿ ನಿಯಮ ಬರೆಯಹೊರಟರೆ ತಲೆ ಕೆಟ್ಟುಹೋಗುತ್ತದೆ. ಮೊದಲು ಅವನ್ನು ವರ್ಣಗಳಾಗಿ ಬಿಡಿಸಿಕೊಳ್ಳಬೇಕು: ಊ, ರ್, ಉ.

ಇದಕ್ಕೆ ಪ್ರೊಲಾಗ್‌ನಲ್ಲಿ ಡಿಸಿಜಿ ಎಂಬ ವ್ಯಾಕರಣದ ಬರವಣಿಗೆ ಇದೆ. ಬಾಣದ ಗುರುತು ಹಾಕಿ ನಿಯಮ ಬರೆದರೆ ಸಾಕು:

ಗುಣಿತ(ಉ) --> ['ು'].
ಗುಣಿತ(ಅ) --> [].

ಉಕಾರಕ್ಕೆ ಕೊಂಬು ಇದೆ, ಅಕಾರಕ್ಕೆ ಏನೂ ಇಲ್ಲ. ನನಗೆ ತುಂಬಾ ಇಷ್ಟವಾದ ಸಾಲು ಈ ಎರಡನೆಯದು: ಕಾಣದ ಅಕಾರ ಅಲ್ಲಿ ಒಂದು ಖಾಲಿ ಪಟ್ಟಿ. ತೆರೆಯ ಹಿಂದೆ ಪ್ರೊಲಾಗ್ ಪ್ರತಿ ನಿಯಮಕ್ಕೂ ಎರಡು ಗುಪ್ತ ಪಟ್ಟಿಗಳನ್ನು ಸೇರಿಸುತ್ತದೆ, ಇಲ್ಲಿಗೆ ಬಂದಾಗ ಉಳಿದಿದ್ದೆಷ್ಟು, ಇಲ್ಲಿಂದ ಹೋಗುವಾಗ ಉಳಿದದ್ದೆಷ್ಟು ಎಂದು. ಇವೆರಡರ ನಡುವಿನ ಅಂತರವೇ ಆ ನಿಯಮ ನುಂಗಿದ ಭಾಗ. ಡಿಫರೆನ್ಸ್ ಲಿಸ್ಟ್ ಎಂದು ಪುಸ್ತಕಗಳು ಹೆದರಿಸುವುದು ಇದನ್ನೇ. ಪಟ್ಟಿಯ ಬಾಲವನ್ನು ಮುಚ್ಚದೆ ಒಂದು ವೇರಿಯಬಲ್ ಆಗಿ ತೆರೆದಿಟ್ಟರೆ, ಆಮೇಲೆ ಅದಕ್ಕೆ ಏನನ್ನಾದರೂ ಒಂದೇ ಹೆಜ್ಜೆಯಲ್ಲಿ ಅಂಟಿಸಬಹುದು. ಪಟ್ಟಿ ಉದ್ದಕ್ಕೂ ನಡೆದುಹೋಗುವ ಕೆಲಸ ಇಲ್ಲ. ಡಿಸಿಜಿ ಬರೆಯುವವನಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ಪುಕ್ಕಟೆ ಸಿಗುತ್ತದೆ. ಮತ್ತು ಅದೇ ನಿಯಮಗಳು ವರ್ಣಗಳಿಂದ ವಾಪಸು ಬರಹವನ್ನೂ ಕಟ್ಟಿಕೊಡುತ್ತವೆ.

ಈಗ ಲೋಪ. ವ್ಯಾಕರಣ ಪುಸ್ತಕದ ಮಾತನ್ನು ಹಾಗೆಯೇ ಇಳಿಸಿದರೆ ಹೀಗಾಗುತ್ತದೆ:

ಲೋಪ(_ಪೂ, [_ಸ್ವ|_ಉಳಿ], _ಪದ) :-
    ಜೋಡಿಸು(_ಮೊ, [ಉ], _ಪೂ),
    ಸ್ವರ(_ಸ್ವ),
    ಜೋಡಿಸು(_ಮೊ, [_ಸ್ವ|_ಉಳಿ], _ಪದ).

ಪೂರ್ವಪದದ ಕೊನೆಯ ಉಕಾರ ತೆಗೆ, ಉತ್ತರಪದ ಸ್ವರದಿಂದ ಶುರುವಾಗಿದೆಯೇ ನೋಡು, ಉಳಿದದ್ದಕ್ಕೆ ಅದನ್ನು ಜೋಡಿಸು. ಸೇರಿಸುವುದಕ್ಕೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಬಿಡಿಸು ಎಂದರೆ ಉತ್ತರಗಳನ್ನೇನೋ ಕೊಡುತ್ತದೆ, ಆಮೇಲೆ ನಿಲ್ಲುವುದೇ ಇಲ್ಲ. ಪೂರ್ವಪದ ಗೊತ್ತಿಲ್ಲದಾಗ ಮೊದಲನೆಯ "ಜೋಡಿಸು" ಉಕಾರದಲ್ಲಿ ಮುಗಿಯುವ ಪಟ್ಟಿಗಳನ್ನು ಕಲ್ಪಿಸಿಕೊಳ್ಳುತ್ತಾ ಹೋಗುತ್ತದೆ: ಒಂದು ವರ್ಣದ್ದು, ಎರಡರದ್ದು, ನೂರರದ್ದು, ಸಾವಿರದ್ದು. ಸರಿ, ಕೊನೆಯ ಸಾಲನ್ನು ಮೊದಲಿಗೆ ತಂದರಾಯಿತಲ್ಲ? ತಂದರೆ ಬಿಡಿಸುವುದು ಸರಿಹೋಗುತ್ತದೆ, ಸೇರಿಸುವುದು ಅನಂತಕ್ಕೆ ಓಡುತ್ತದೆ. ಈ ಮೂರು ಸಾಲುಗಳನ್ನು ಹೇಗೆ ಹಿಂದೆ ಮುಂದೆ ಮಾಡಿದರೂ ಎರಡೂ ದಿಕ್ಕಿನಲ್ಲಿ ನಿಲ್ಲುವ ಕ್ರಮ ಸಿಗುವುದಿಲ್ಲ. ತರ್ಕ ಸರಿಯಿದೆ, ನಿಯಂತ್ರಣ ಕೈಕೊಡುತ್ತಿದೆ.

ಅನುಭವಿಗಳು ಇಲ್ಲಿ ಸಾಲುಗಳ ಕ್ರಮದ ಜೊತೆ ಗುದ್ದಾಡುವುದಿಲ್ಲ, ಸಂಬಂಧದ ಆಕಾರವನ್ನೇ ಬದಲಿಸುತ್ತಾರೆ:

ಲೋಪ([ಉ], [_ಸ್ವ|_ಉಳಿ], [_ಸ್ವ|_ಉಳಿ]) :- ಸ್ವರ(_ಸ್ವ).
ಲೋಪ([_ವ|_ಪೂ], _ಉತ್ತರ, [_ವ|_ಪದ]) :- ಲೋಪ(_ಪೂ, _ಉತ್ತರ, _ಪದ).

"ಜೋಡಿಸು" ಮಾಯ. ಪೂರ್ವಪದ ಮತ್ತು ಸಂಧಿಪದ ಎರಡರ ಮೇಲೂ ಒಟ್ಟೊಟ್ಟಿಗೆ ಒಂದೊಂದೇ ವರ್ಣ ದಾಟುತ್ತಾ ಹೋಗುತ್ತೇವೆ. ಎರಡರಲ್ಲಿ ಯಾವುದಾದರೂ ಒಂದು ಗೊತ್ತಿದ್ದರೆ ಸಾಕು, ಅದು ಮುಗಿದಲ್ಲಿ ಹುಡುಕಾಟವೂ ಮುಗಿಯುತ್ತದೆ. ಊರು ಮತ್ತು ಅಲ್ಲಿ ಕೊಟ್ಟರೆ ಒಂದೇ ಉತ್ತರ, ಊರಲ್ಲಿ. "ಊರಲ್ಲಿ" ಕೊಟ್ಟರೆ ಮೂರು: ಉ ಮತ್ತು ಊರಲ್ಲಿ, ಊರು ಮತ್ತು ಅಲ್ಲಿ, ಊರಲ್ಲು ಮತ್ತು ಇ. ಮೊದಲನೆಯದೂ ಕೊನೆಯದೂ ನಗು ಬರಿಸುವಂಥವು, ಆದರೆ ನಾವು ಬರೆದ ನಿಯಮದ ಪ್ರಕಾರ ಎರಡೂ ಸರಿಯೇ. ಇವನ್ನು ಜರಡಿ ಹಿಡಿಯಲು ನಿಘಂಟು ಬೇಕು. ಅದನ್ನು ನಿಯಮದ ಮುಂದೆ ಇಟ್ಟರೂ ಹಿಂದೆ ಇಟ್ಟರೂ ಉತ್ತರ ಅದೇ, ಖರ್ಚು ಬೇರೆ: ಮುಂದಿಟ್ಟರೆ ಒಂದು ಪದ ಬಿಡಿಸಲು ಇಡೀ ನಿಘಂಟು ಸುತ್ತಿ ಬರುತ್ತದೆ, ಹಿಂದಿಟ್ಟರೆ ಮೂರೇ ಮೂರು ಪದ ನೋಡಿದರಾಯಿತು.

ಇನ್ನೊಂದು ವಿಷಯವಿದೆ. ಲೋಪಸಂಧಿಯ ನಿಯಮದಲ್ಲಿ ಮೇಷ್ಟ್ರು ಒತ್ತಿ ಹೇಳುತ್ತಿದ್ದ ಷರತ್ತು ನೆನಪಿದೆಯಲ್ಲ, ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂದು? ಗುರು ಮತ್ತು ಅನ್ನು ಸೇರಿದರೆ "ಗುರನ್ನು" ಆಗುವುದಿಲ್ಲ, ವಕಾರ ಬಂದು "ಗುರುವನ್ನು" ಆಗುತ್ತದೆ. "ಅರ್ಥ ಕೆಡುವುದು" ಎಂಬುದನ್ನು ಪ್ರೋಗ್ರಾಂಗೆ ಹೇಗೆ ಹೇಳುವುದು? ಹಳೆಗನ್ನಡ ಕೈಹಿಡಿಯಿತು. ಹಳೆಗನ್ನಡದಲ್ಲಿ ಊರು ಎಂಬುದು "ಊರ್". ಕೊನೆಯ ಉಕಾರ ಆಮೇಲೆ ಉಚ್ಚಾರದ ಅನುಕೂಲಕ್ಕೆ ಬಂದು ಕೂತದ್ದು, ಹಾಗಾಗಿ ಸುಲಭವಾಗಿ ಜಾರುತ್ತದೆ. ಗುರು, ಮಗು, ಪಶು ಇವುಗಳ ಉಕಾರ ಪದದ್ದೇ. ನಿಘಂಟಿನಲ್ಲಿ ಪ್ರತಿ ಪದಕ್ಕೂ ಒಂದು ಗುರುತು ಹಾಕಿದೆ:

ಪದ([ಊ, ರ್, ಉ], ಜಾರುವುದು).
ಪದ([ಗ್, ಉ, ರ್, ಉ], ನಿಲ್ಲುವುದು).

ಇಷ್ಟು ಕಷ್ಟ ಯಾಕೆ, ಕಟ್ ಹಾಕಿದರೆ ಆಗದೇ ಎಂದು ಪ್ರೊಲಾಗ್ ಬಲ್ಲವರು ಕೇಳಬಹುದು. ಕಟ್ ಎಂದರೆ ಆಶ್ಚರ್ಯಸೂಚಕ ಚಿಹ್ನೆ. ಇಲ್ಲಿಯವರೆಗೆ ಬಂದಾಯಿತು, ಬೇರೆ ದಾರಿ ಇನ್ನು ನೋಡಬೇಡ ಎಂದು ಪ್ರೊಲಾಗ್‌ಗೆ ಹಾಕುವ ಬೇಲಿ ಅದು. ಲೋಪ ಆಯಿತೋ, ಕಟ್. ಆಗದಿದ್ದರೆ ಮಾತ್ರ ಆಗಮ. ಸೇರಿಸುವಾಗ ಇದು ಬಹಳ ಮಟ್ಟಿಗೆ ನಡೆಯುತ್ತದೆ. ಬಿಡಿಸುವಾಗ "ಮನೆಯಲ್ಲಿ" ಕೊಟ್ಟು ನೋಡಿ. ಲೋಪದ ನಿಯಮ ಮಕಾರದ ನಂತರದ ಅಕಾರಕ್ಕೆ ಬಂದ ಕೂಡಲೇ "ಮು ಮತ್ತು ಅನೆಯಲ್ಲಿ" ಎಂದು ಒಡೆದು ಖುಷಿಪಡುತ್ತದೆ, ಕಟ್ ಬೀಳುತ್ತದೆ, ಮನೆ ಮತ್ತು ಅಲ್ಲಿ ಎಂಬ ಸರಿಯಾದ ಉತ್ತರದ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಪ್ರೊಲಾಗ್ ಲೋಕದಲ್ಲಿ ಹಸಿರು ಕಟ್, ಕೆಂಪು ಕಟ್ ಎಂದು ಎರಡು ಜಾತಿ. ತೆಗೆದರೂ ಉತ್ತರ ಬದಲಾಗದಿದ್ದರೆ ಹಸಿರು, ಬದಲಾದರೆ ಕೆಂಪು. ಇದು ಕಡುಗೆಂಪು. ಕಟ್ ಹಾಕಿ ವೇಗ ತಂದೆ ಎಂದು ಯಾರಾದರೂ ಹೇಳಿದರೆ ಯಾವ ದಿಕ್ಕನ್ನು ಮಾರಿ ತಂದೆ ಎಂದು ಕೇಳುವುದು ನನ್ನ ಅಭ್ಯಾಸ.

ಸಂಧಿಯಿಂದ ಸ್ವಲ್ಪ ಆಚೆ ಬಂದರೆ ಇದೇ ಕಾಯಿಲೆ ಲೆಕ್ಕದಲ್ಲೂ ಇದೆ. ಪ್ರೊಲಾಗ್‌ನಲ್ಲಿ ಲೆಕ್ಕ ಮಾಡಲು ಇರುವ ಹಳೆಯ "ಈಸ್" (is) ತನ್ನ ಬಲಗಡೆ ಎಲ್ಲವೂ ಗೊತ್ತಿದ್ದರೆ ಮಾತ್ರ ಕೂಡುತ್ತದೆ. ಎರಡಕ್ಕೆ ಎಷ್ಟು ಸೇರಿಸಿದರೆ ಐದು ಎಂದು ಕೇಳಿದರೆ ಎರರ್ ಎಸೆಯುತ್ತದೆ. ಇಂಥ ಭಾಷೆಯಲ್ಲಿ ಇದು ನಾಚಿಕೆಗೇಡು. ಅದರ ಜಾಗಕ್ಕೆ ಬಂದದ್ದು ಕನ್‌ಸ್ಟ್ರೇಂಟ್ ಲೈಬ್ರರಿಗಳು, ಸಿಎಲ್‌ಪಿ-ಎಫ್‌ಡಿ ಎಂದು ಕರೆಯುವಂಥವು. ಅಲ್ಲಿ ಸಮೀಕರಣವನ್ನು ಹೇಳಿಬಿಡುವುದಷ್ಟೇ. ಯಾವ ಕಡೆಯಿಂದ ಬಿಡಿಸಬೇಕೆಂಬುದು ಅದರ ಪಾಡು. ಹೆಸರಾಂತ ಒಗಟೊಂದಿದೆ: ಸೆಂಡ್ ಮತ್ತು ಮೋರ್ ಕೂಡಿದರೆ ಮನಿ, ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಬೇರೆ ಬೇರೆ ಅಂಕಿ. ಎಂಟು ಅಕ್ಷರ, ಹತ್ತು ಅಂಕಿ. ಒಂದೊಂದಾಗಿ ಪರೀಕ್ಷಿಸಹೊರಟರೆ 18,14,400 ಜೋಡಣೆಗಳು. ಸಿಎಲ್‌ಪಿ-ಎಫ್‌ಡಿಗೆ ಸಮೀಕರಣ ಕೊಟ್ಟು, ಇನ್ನೂ ಹುಡುಕು ಎಂದು ಹೇಳುವ ಮೊದಲೇ ಅದು ಮೂರು ಅಕ್ಷರದ ಬೆಲೆ ಕಂಡುಕೊಂಡಿರುತ್ತದೆ: ಎಂ ಅಂದರೆ 1, ಎಸ್ ಅಂದರೆ 9, ಓ ಅಂದರೆ 0. ಉಳಿದವಕ್ಕೂ ಸಾಧ್ಯ ಇರುವ ಅಂಕಿಗಳು ಕಿರಿದಾಗಿರುತ್ತವೆ. ಹುಡುಕು ಎಂದ ಕ್ಷಣ 9567ಕ್ಕೆ 1085 ಕೂಡಿದರೆ 10652 ಎಂದು ಮುಂದಿಡುತ್ತದೆ.

ಇದರ ಹಿಂದಿನ ಉಪಾಯ ವೇರಿಯಬಲ್ಲಿನ ಮೇಲೆ ಷರತ್ತನ್ನು ಅಂಟಿಸಿಡುವುದು. ಬೆಲೆ ಇನ್ನೂ ಬಂದಿಲ್ಲ, ಬಂದಾಗ ಈ ಷರತ್ತು ಎಚ್ಚರಗೊಳ್ಳಲಿ ಎಂದು. ಕೋಲ್ಮೆರೋಯರ್ ಅವರ ಎರಡನೇ ಪ್ರೊಲಾಗ್‌ನಲ್ಲೇ ಡಿಫ್ ಎಂಬ ಹೆಸರಿನಲ್ಲಿ ಇದರ ಬೀಜ ಇತ್ತು. ಲ್ಯಾಬಿನ ಅಪ್ಪ-ತಾತ ಪ್ರೋಗ್ರಾಮಿಗೇ ವಾಪಸು ಹೋಗಿ ದಶರಥನ ಮಕ್ಕಳನ್ನು ಬರೆಯಿರಿ. ಅಣ್ಣತಮ್ಮಂದಿರು ಎಂದರೆ ಒಬ್ಬನೇ ಅಪ್ಪನ ಇಬ್ಬರು ಬೇರೆ ಬೇರೆ ಮಕ್ಕಳು. "ಬೇರೆ ಬೇರೆ" ಎಂಬುದನ್ನು ಹಳೆಯ ಶೈಲಿಯ \= ಗುರುತಿನಲ್ಲಿ ಮೊದಲ ಸಾಲಾಗಿ ಬರೆದು ರಾಮನ ತಮ್ಮಂದಿರು ಯಾರು ಎಂದು ಕೇಳಿದರೆ ಯಾರೂ ಇಲ್ಲ ಎನ್ನುತ್ತದೆ! ಎರಡನೆಯವನು ಯಾರೆಂದು ಇನ್ನೂ ಗೊತ್ತಿಲ್ಲ, ಅವನೂ ರಾಮನೇ ಆಗಿರಬಹುದು, ಆದ್ದರಿಂದ ಬೇರೆಯಲ್ಲ ಎಂದು ಆತುರದ ತೀರ್ಪು. ಡಿಫ್ ಹಾಗಲ್ಲ, ಕಾಯುತ್ತದೆ. ಭರತ ಬಂದಾಗ ಬಿಡುತ್ತದೆ, ರಾಮ ಬಂದಾಗ ತಡೆಯುತ್ತದೆ.

ಟೇಬಲಿಂಗ್ ಬಗ್ಗೆ ಹೇಳದಿದ್ದರೆ ಸಂಧಿ ಪ್ರೋಗ್ರಾಂ ಮುಂದೆ ಹೋಗುವುದೇ ಇಲ್ಲ. ಕನ್ನಡದಲ್ಲಿ ಪ್ರತ್ಯಯಗಳು ಬಾಲಕ್ಕೆ ಬಾಲ ಸೇರಿಕೊಳ್ಳುತ್ತಾ ಹೋಗುತ್ತವೆ. ಮನೆ, ಮನೆಗಳು, ಮನೆಗಳಲ್ಲಿ, ಮನೆಗಳಲ್ಲಿಯೂ. ಇದನ್ನು ಸಹಜವಾಗಿ ಬರೆಯುವುದು ಹೀಗೆ:

ರೂಪ --> ರೂಪ, ಪ್ರತ್ಯಯ.
ರೂಪ --> ಪ್ರಕೃತಿ.

ರೂಪಕ್ಕೆ ಪ್ರತ್ಯಯ ಹತ್ತಿದರೆ ಅದೂ ರೂಪವೇ. ವ್ಯಾಕರಣವಾಗಿ ಇದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಮಾಮೂಲಿ ಪ್ರೊಲಾಗ್ ರೂಪ ಬೇಕೆಂದರೆ ಮೊದಲು ರೂಪ ಹುಡುಕು, ಅದಕ್ಕೆ ಮೊದಲು ರೂಪ ಹುಡುಕು ಎಂದು ಒಂದು ವರ್ಣವನ್ನೂ ಮುಟ್ಟದೆ ಮೆಮೊರಿ ತುಂಬಿಸಿಕೊಳ್ಳುತ್ತದೆ. ಟೇಬಲಿಂಗ್ ಆನ್ ಮಾಡಿದರೆ ಪ್ರೊಲಾಗ್ ಕೇಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತದೆ. ಅದೇ ಪ್ರಶ್ನೆ ತನ್ನೊಳಗೇ ಮತ್ತೆ ಎದ್ದರೆ ಸುತ್ತುವುದನ್ನು ಬಿಟ್ಟು, ಇಲ್ಲಿಯವರೆಗೆ ಸಿಕ್ಕ ಉತ್ತರಗಳನ್ನು ಅದಕ್ಕೆ ಉಣಿಸುತ್ತದೆ. ಹೊಸ ಉತ್ತರ ಹುಟ್ಟದಾದಾಗ ನಿಲ್ಲುತ್ತದೆ. ಫೈಲಿನ ತಲೆಯಲ್ಲಿ ಒಂದು ಸಾಲು ಸೇರಿಸಿದ್ದು ಬಿಟ್ಟರೆ ನಿಯಮ ಒಂದಿಷ್ಟೂ ಬದಲಾಗಲಿಲ್ಲ. ಈ ತಂತ್ರವನ್ನು ಬೆಳೆಸಿದ್ದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಎಕ್ಸ್‌ಎಸ್‌ಬಿ ಎಂಬ ಪ್ರೊಲಾಗ್ ಕಟ್ಟಿದ ತಂಡ, ಅದರ ಮುಂದಾಳು ಡೇವಿಡ್ ವಾರೆನ್. ಪ್ರೊಲಾಗ್ ಅನ್ನು ವೇಗವಾಗಿ ಓಡಿಸುವ ಅಬ್‌ಸ್ಟ್ರಾಕ್ಟ್ ಮಷೀನ್ ಎಂಬ ಕಲ್ಪಿತ ಯಂತ್ರವನ್ನು 1983ರಲ್ಲಿ ವಿನ್ಯಾಸ ಮಾಡಿದವರೂ ಡೇವಿಡ್ ವಾರೆನ್. ಇಬ್ಬರೂ ಬೇರೆ ಬೇರೆ ಮನುಷ್ಯರು. ಒಬ್ಬರ ಹೆಸರಿನ ನಡುವೆ ಎಸ್, ಇನ್ನೊಬ್ಬರಿಗೆ ಎಚ್. ಡಿ. ಇಲ್ಲೂ ಒಂದು ಡಿಫ್ ಬೇಕಿತ್ತು.

ಇಷ್ಟೆಲ್ಲ ಇದ್ದೂ ಈ ಭಾಷೆ ಯಾಕೆ ಮೂಲೆಗೆ ಬಿತ್ತು ಎಂದು ಕೇಳುತ್ತಾರೆ. ಕಾರಣಗಳು ಹಲವು. ಎಲ್ಲರೂ ಬೆರಳು ತೋರಿಸುವುದು ಜಪಾನಿನತ್ತ. 1982ರಲ್ಲಿ ಜಪಾನ್ ಸರ್ಕಾರ ಐದನೇ ತಲೆಮಾರಿನ ಕಂಪ್ಯೂಟರ್ ಎಂಬ ಹತ್ತು ವರ್ಷಗಳ ಯೋಜನೆ ಹಾಕಿ, ತರ್ಕದ ಪ್ರೋಗ್ರಾಮಿಂಗನ್ನೇ ಅದರ ಬೆನ್ನೆಲುಬು ಮಾಡಿತು. ಜಗತ್ತೆಲ್ಲ ಬೆಚ್ಚಿಬಿದ್ದು ನೋಡಿತು, ನಿರೀಕ್ಷೆ ಮುಟ್ಟಲಿಲ್ಲ, ಹೆಸರು ಕೆಟ್ಟಿತು. ಇದರಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆ. ನೂರಾರು ಪ್ರೊಸೆಸರ್‌ಗಳ ಮೇಲೆ ಏಕಕಾಲಕ್ಕೆ ಓಡಿಸಬೇಕೆಂಬ ಹಟದಲ್ಲಿ ಅವರು ಮಾಮೂಲಿ ಪ್ರೊಲಾಗ್ ಬಿಟ್ಟು, ಒಂದು ದಾರಿ ಹಿಡಿದರೆ ಹಿಂದೆ ತಿರುಗದ ಭಾಷೆಗಳ ಕಡೆ ಹೊರಳಿದರು. ಹಿಂದಕ್ಕೆ ಬಂದು ಬೇರೆ ದಾರಿ ನೋಡುವ ಬ್ಯಾಕ್‌ಟ್ರ್ಯಾಕಿಂಗ್ ಹೋಯಿತು. ಅದರ ಜೊತೆಗೇ ಒಂದೇ ನಿಯಮವನ್ನು ಎರಡೂ ಕಡೆಯಿಂದ ಕೇಳುವ ಸುಖವೂ ಹೋಯಿತು. ಮೇಲಿನ ಕಟ್‌ನ ಕಥೆಯೇ, ಸ್ವಲ್ಪ ದೊಡ್ಡ ಪ್ರಮಾಣದಲ್ಲಿ.

ಹಾಗಂತ ಭಾಷೆ ಸತ್ತಿಲ್ಲ. ಎರ್ಲಾಂಗ್ ಭಾಷೆಯ ಮೊದಲ ರೂಪ ಎರಿಕ್ಸನ್‌ನಲ್ಲಿ ಪ್ರೊಲಾಗ್ ಒಳಗೇ ಬೆಳೆದದ್ದು. 2011ರಲ್ಲಿ ಟಿವಿ ಕ್ವಿಜ್ ಗೆದ್ದ ಐಬಿಎಂನ ವಾಟ್ಸನ್ ಕಂಪ್ಯೂಟರ್ ಪ್ರಶ್ನೆಯ ವಾಕ್ಯರಚನೆಯಲ್ಲಿ ಮಾದರಿಗಳನ್ನು ಹುಡುಕಲು ಪ್ರೊಲಾಗ್ ಬಳಸಿತ್ತು. ಯಾನ್ ವೀಲ್‌ಮೇಕರ್ 1987ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರು ಮಾಡಿದ ಎಸ್‌ಡಬ್ಲ್ಯುಐ ಇವತ್ತಿಗೂ ಬೆಳೆಯುತ್ತಿದೆ, ನಾನು ಓಡಿಸುತ್ತಿರುವುದೂ ಅದನ್ನೇ.

ನನ್ನ ಪ್ರೋಗ್ರಾಂ ಸದ್ಯಕ್ಕೆ ನಿಂತಿರುವುದು ಆದೇಶಸಂಧಿಯ ಮುಂದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಕಕಾರಕ್ಕೆ ಗಕಾರ. ಲೋಪದ ಹಾಗೇ ಒಟ್ಟೊಟ್ಟಿಗೆ ನಡೆಯುವ ಎರಡು ಸಾಲಿನಲ್ಲಿ ನಿಯಮ ಮುಗಿಯಿತು. "ಮಳೆಗಾಲ" ಕೊಟ್ಟರೆ ಮಳೆ-ಕಾಲ, ಮಳೆ-ಗಾಲ ಎಂದು ಎರಡು ಬರುತ್ತವೆ, "ಗಾಲ" ನಿಘಂಟಿನಲ್ಲಿ ಇಲ್ಲ, ಹೊರಗೆ. ಆದರೆ "ಬಿರುಗಾಳಿ" ಕೊಟ್ಟಾಗ ಬಿರು-ಗಾಳಿ, ಬಿರು-ಕಾಳಿ ಎರಡನ್ನೂ ತಂದು ಮುಂದಿಟ್ಟಿತು. ಕಾಳಿಯೂ ನಿಘಂಟಿನಲ್ಲಿದ್ದಾಳೆ, ನಿಯಮವೂ ಸರಿಯಾಗಿದೆ, ತಕರಾರು ಮಾಡುವಂತಿಲ್ಲ. ಕಾಳಿಯನ್ನು ಕೈಬಿಡಲು ತರ್ಕದೊಳಗೆ ಯಾವ ಕಾರಣವೂ ಇಲ್ಲ; ಗಾಳಿಯೇ ಹೆಚ್ಚು ಸಂಭವ ಎಂಬುದು ಬಳಕೆಯಿಂದ ಬರುವ ತಿಳಿವಳಿಕೆ. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದವರು ಪ್ರಾಬ್‌ಲಾಗ್ ಎಂಬುದನ್ನು ಮಾಡಿದ್ದಾರೆ. ಅಲ್ಲಿ ಪ್ರತಿ ಸಂಗತಿಯ ಎದುರಿಗೂ ಅದು ಎಷ್ಟರ ಮಟ್ಟಿಗೆ ಸಂಭವ ಎಂದು ಒಂದು ಅಂಕಿ ಬರೆಯಬಹುದು, ಉಳಿದದ್ದು ಪ್ರೊಲಾಗ್ ಇದ್ದ ಹಾಗೇ. ಮುಂದಿನ ಪ್ರಯೋಗ ಅದರಲ್ಲಿ. ಅಂಕಿಗಳನ್ನು ತರುವುದಕ್ಕೆ ಒಂದಿಷ್ಟು ಕನ್ನಡ ಪಠ್ಯ ಗುಡ್ಡೆ ಹಾಕಿಕೊಂಡಿದ್ದೇನೆ, ಅದನ್ನು ಬಿಡಿಸುವ ಕೆಲಸವನ್ನು ಈ ಅರ್ಧಂಬರ್ಧ ಸಂಧಿ ಪ್ರೋಗ್ರಾಮಿಗೇ ವಹಿಸಿದ್ದೇನೆ.